ಷಿಕಾಗೊದ 49ನೇ ವಾರ್ಡ್: ಅನುದಾನ ಜನರ ಕೈಗೆ, ಕುರ್ಚಿ ಇನ್ನೊಬ್ಬರ ಪಾಲಿಗೆ

ಅಮೆರಿಕದ ಷಿಕಾಗೊ ನಗರದ 49ನೇ ವಾರ್ಡಿನ ಪ್ರತಿನಿಧಿಯಾಗಿದ್ದ ಜೋ ಮೂರ್ ಅವರು, ತಮ್ಮ ವಾರ್ಡಿನ ಕಾಮಗಾರಿಗಳಿಗೆಂದು ವರ್ಷವರ್ಷವೂ ಬರುತ್ತಿದ್ದ ಅನುದಾನವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದನ್ನು ನಿವಾಸಿಗಳೇ ಮತ ಹಾಕಿ ತೀರ್ಮಾನಿಸಲಿ ಎಂದು 2009ರಲ್ಲಿ ನಿರ್ಧರಿಸಿದರು. ಆ ದೇಶದಲ್ಲಿ ಚುನಾಯಿತ ಪ್ರತಿನಿಧಿಯೊಬ್ಬರು ಹೀಗೆ ಮಾಡಿದ್ದು ಅದೇ ಮೊದಲು. ಇದರಿಂದ ಅವರಿಗೆ ಹೆಸರೂ ಬಂತು, ಮತವೂ ಬಂತು. ಆದರೆ ಹತ್ತು ವರ್ಷಗಳ ನಂತರ, ಇದೇ ಪ್ರಕ್ರಿಯೆಯ ಮೂಲಕ ಸಾರ್ವಜನಿಕ ಜೀವನಕ್ಕೆ ಬಂದ ಮಾರಿಯಾ ಹ್ಯಾಡನ್ ಎಂಬ ನಿವಾಸಿಯೇ ಅವರನ್ನು ದೊಡ್ಡ ಅಂತರದಿಂದ ಸೋಲಿಸಿದರು. ವಾರ್ಡಿನ ಹಣವನ್ನು ಜನರ ಮುಂದಿಡುವುದರಿಂದ ಏನು ಸಾಧ್ಯ, ಅದರ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗುವುದರಿಂದ ಈ ಪ್ರಕರಣವನ್ನು ಇಲ್ಲಿ ವಿವರವಾಗಿ ನೋಡಲಾಗಿದೆ.

ವಾರ್ಡು ಮತ್ತು ಅದರ ಹಣ

ಷಿಕಾಗೊ ನಗರಸಭೆಯಲ್ಲಿ 50 ವಾರ್ಡುಗಳಿವೆ. ಪ್ರತಿ ವಾರ್ಡಿನಿಂದ ಒಬ್ಬರು ನಾಲ್ಕು ವರ್ಷಗಳ ಅವಧಿಗೆ ಆಯ್ಕೆಯಾಗುತ್ತಾರೆ. ಅವರನ್ನು ಅಲ್ಲಿ ಅಲ್ಡರ್‌ಮನ್ ಎಂದು ಕರೆಯುವುದು ರೂಢಿ. 49ನೇ ವಾರ್ಡು ನಗರದ ಉತ್ತರದ ತುದಿಯಲ್ಲಿ, ಮಿಷಿಗನ್ ಸರೋವರದ ದಂಡೆಗೆ ಹೊಂದಿಕೊಂಡಿರುವ ರೋಜರ್ಸ್ ಪಾರ್ಕ್ ಎಂಬ ಬಡಾವಣೆಯನ್ನು ಬಹುಪಾಲು ಒಳಗೊಂಡಿದೆ. ಬಿಳಿಯರು, ಕರಿಯರು, ಲ್ಯಾಟಿನೋ ಮೂಲದವರು ಅಕ್ಕಪಕ್ಕದಲ್ಲೇ ಬದುಕುವ, ಹತ್ತಾರು ಭಾಷೆಗಳು ಕೇಳಿಬರುವ, ಬಾಡಿಗೆದಾರರೇ ಹೆಚ್ಚಿರುವ ಪ್ರದೇಶವಿದು. ಭಾರತೀಯ ಅಂಗಡಿಗಳಿಗೆ ಹೆಸರಾದ ಡೆವಾನ್ ಅವೆನ್ಯೂದ ಭಾಗ ಇದಕ್ಕೆ ಪಶ್ಚಿಮದಲ್ಲಿರುವ ವೆಸ್ಟ್ ರಿಡ್ಜ್‌ನಲ್ಲಿದೆ ಎಂದರೆ ಆ ನಗರಕ್ಕೆ ಹೋಗಿಬಂದ ಕನ್ನಡಿಗರಿಗೆ ಜಾಗದ ಗುರುತು ಹತ್ತೀತು.

ಅಲ್ಲಿನ ಅಲ್ಡರ್‌ಮನ್‌ಗಳಿಗೆ ಇರುವ ಒಂದು ವಿಶೇಷ ಸೌಲಭ್ಯವನ್ನು ಅರ್ಥ ಮಾಡಿಕೊಳ್ಳದೆ ಮುಂದಿನ ಕಥೆ ತಿಳಿಯುವುದಿಲ್ಲ. 1990ರ ದಶಕದಿಂದ ಪ್ರತಿ ವಾರ್ಡಿಗೂ ಪ್ರತಿ ವರ್ಷ ಸಮಾನವಾದ ಒಂದು ಮೊತ್ತವನ್ನು ಮೂಲಸೌಕರ್ಯ ಕಾಮಗಾರಿಗಳಿಗಾಗಿ ತೆಗೆದಿಡುವ ಪದ್ಧತಿ ಅಲ್ಲಿದೆ. 2009ರ ಹೊತ್ತಿಗೆ ಅದು ವಾರ್ಡಿಗೆ ಸುಮಾರು 13 ಲಕ್ಷ ಡಾಲರ್ ಇತ್ತು. ಆಗಿನ ವಿನಿಮಯ ದರದಲ್ಲಿ ಹತ್ತಿರ ಹತ್ತಿರ 6 ಕೋಟಿ ರೂಪಾಯಿ. ನಗರದ ಸಾರಿಗೆ ಇಲಾಖೆ ಒಂದು ದರಪಟ್ಟಿಯನ್ನು ಅಲ್ಡರ್‌ಮನ್ ಕೈಗೆ ಕೊಡುತ್ತದೆ: ಇಷ್ಟು ಉದ್ದದ ರಸ್ತೆಗೆ ಡಾಂಬರು ಹಾಕಲು ಇಷ್ಟು, ಒಂದು ಬೀದಿದೀಪಕ್ಕೆ ಇಷ್ಟು, ಒಂದು ರಸ್ತೆಯುಬ್ಬಿಗೆ ಇಷ್ಟು, ಓಣಿ ದುರಸ್ತಿಗೆ ಇಷ್ಟು, ಪಾದಚಾರಿ ಮಾರ್ಗಕ್ಕೆ ಇಷ್ಟು. ಹೋಟೆಲಿನಲ್ಲಿ ತಿಂಡಿ ಆರಿಸಿದ ಹಾಗೆ ಪಟ್ಟಿಯಿಂದ ಆರಿಸಿ ಹೇಳುವುದಷ್ಟೇ ಅಲ್ಡರ್‌ಮನ್ ಕೆಲಸ, ಮಾಡಿಸುವ ಹೊಣೆ ಇಲಾಖೆಯದು. ಈ ಕಾರಣಕ್ಕೇ ಅದಕ್ಕೆ ಮೆನು ಹಣ ಎಂಬ ಹೆಸರು ನಿಂತಿದೆ.

ಈ ಹಣ ನಗರವು ಸಾಲಪತ್ರಗಳ ಮೂಲಕ ಎತ್ತುವ ಹಣ. ಆದ್ದರಿಂದ ಬಹುಕಾಲ ಬಾಳುವ ಆಸ್ತಿಗೆ ಮಾತ್ರ ಇದನ್ನು ಬಳಸಬಹುದು. ಯಾರಿಗೂ ಸಂಬಳ ಕೊಡಲು, ತರಬೇತಿ ನಡೆಸಲು, ಬಾಡಿಗೆಗೆ ನೆರವಾಗಲು ಬರುವುದಿಲ್ಲ. ಈ ಒಂದು ನಿಯಮ ಮುಂದೆ ಯಾರು ಸಭೆಗೆ ಬಂದರು, ಯಾರು ಬರಲಿಲ್ಲ ಎಂಬುದರ ಮೇಲೂ ಪರಿಣಾಮ ಬೀರಿತು.

ಮೂರ್ ಏಕೆ ಈ ದಾರಿ ಹಿಡಿದರು

ಮೂರ್ 1991ರಿಂದ ವಾರ್ಡನ್ನು ಪ್ರತಿನಿಧಿಸುತ್ತಿದ್ದರು. ನಗರಮಟ್ಟದಲ್ಲಿ ಅವರದು ಪ್ರಗತಿಪರ ರಾಜಕಾರಣಿ ಎಂಬ ಹೆಸರು. ಬಾತುಕೋಳಿಗೆ ಬಲವಂತವಾಗಿ ಉಣಿಸಿ ಕೊಬ್ಬಿಸಿದ ಯಕೃತ್ತನ್ನು ಹೋಟೆಲುಗಳಲ್ಲಿ ಬಡಿಸಬಾರದು ಎಂದು 2006ರಲ್ಲಿ ನಗರಸಭೆ ನಿಷೇಧ ತಂದಾಗ ಅದರ ಹಿಂದೆ ಇದ್ದವರು ಅವರೇ. ದೊಡ್ಡ ಮಳಿಗೆಗಳು ನೌಕರರಿಗೆ ಹೆಚ್ಚಿನ ಕನಿಷ್ಠ ವೇತನ ಕೊಡಬೇಕೆಂಬ ಮಸೂದೆಯನ್ನೂ ಅದೇ ವರ್ಷ ಮುಂದಕ್ಕೆ ತಂದಿದ್ದರು. ನಿಷೇಧವನ್ನು 2008ರಲ್ಲಿ ಹಿಂದಕ್ಕೆ ಪಡೆಯಲಾಯಿತು, ಮಸೂದೆಗೆ ಮೇಯರ್ ರಿಚರ್ಡ್ ಡೇಲಿ ತಡೆಯೊಡ್ಡಿದರು. ಸುದ್ದಿಯಾಗುವ ಇಂಥ ವಿಷಯಗಳಲ್ಲಿ ಮುಳುಗಿದ ಪ್ರತಿನಿಧಿಗೆ ಬೀದಿಯ ಗುಂಡಿ ಕಾಣಿಸುವುದಿಲ್ಲ ಎಂಬ ಅಸಮಾಧಾನ ಯಾವ ಊರಿನಲ್ಲಾದರೂ ಹುಟ್ಟುವಂಥದ್ದೇ. 2007ರ ಚುನಾವಣೆಯ ಮೊದಲ ಸುತ್ತಿನಲ್ಲಿ ಅವರಿಗೆ ಬಹುಮತ ಬರಲಿಲ್ಲ. ಎರಡನೇ ಸುತ್ತಿನಲ್ಲಿ ಗೆದ್ದದ್ದು ಸುಮಾರು 250 ಮತಗಳಿಂದ ಮಾತ್ರ.

ಹದಿನಾರು ವರ್ಷ ಅಧಿಕಾರದಲ್ಲಿದ್ದವನಿಗೆ ಇದು ಸಣ್ಣ ಎಚ್ಚರಿಕೆಯಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಡೆದುಬಂದಿದ್ದ, ಸಾರ್ವಜನಿಕ ಹಣದ ಖರ್ಚನ್ನು ನಿವಾಸಿಗಳೇ ತೀರ್ಮಾನಿಸುವ ಸಹಭಾಗಿತ್ವದ ಬಜೆಟ್ ಪದ್ಧತಿಯ ವಿಚಾರ ಅವರ ಕಿವಿಗೆ ಬಿದ್ದದ್ದು ಈ ಹಂತದಲ್ಲಿ. ಮೂರ್ ಅವರ ನಿರ್ಧಾರದಲ್ಲಿ ಆದರ್ಶವೆಷ್ಟು, ಆತಂಕವೆಷ್ಟು ಎಂದು ತಕ್ಕಡಿ ಹಿಡಿದು ತೂಗುವ ಅಗತ್ಯ ನನಗೆ ಕಾಣುವುದಿಲ್ಲ. ಚುನಾವಣೆಯ ಭಯವೇ ಒಬ್ಬ ಪ್ರತಿನಿಧಿಯನ್ನು ಜನರ ಬಳಿಗೆ ಅಟ್ಟಿದ್ದರೆ, ಚುನಾವಣೆ ಇರುವುದೇ ಅದಕ್ಕೆ.

ಮೊದಲ ಸುತ್ತು, 2009–10

2009ರ ವಸಂತದಲ್ಲಿ ಮೂರ್ ವಾರ್ಡಿನ ಸಂಘಸಂಸ್ಥೆಗಳು, ಶಾಲೆಗಳು, ಧಾರ್ಮಿಕ ಕೇಂದ್ರಗಳು, ನಿವಾಸಿಗಳ ಗುಂಪುಗಳ ಮುಖಂಡರನ್ನು ಕರೆಸಿ ಒಂದು ಮಾರ್ಗದರ್ಶಿ ಸಮಿತಿ ರಚಿಸಿದರು. ಪ್ರಕ್ರಿಯೆಯ ನಿಯಮಗಳನ್ನು ಬರೆದದ್ದು ಆ ಸಮಿತಿ. ಆ ವರ್ಷವೇ ಹುಟ್ಟಿಕೊಂಡ ಪಾರ್ಟಿಸಿಪೇಟರಿ ಬಜೆಟಿಂಗ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ತಾಂತ್ರಿಕ ನೆರವು ನೀಡಿತು. ಮತ ಹಾಕಲು 16 ವರ್ಷ ತುಂಬಿರಬೇಕು, ವಾರ್ಡಿನಲ್ಲಿ ವಾಸವಿರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂದಾಗಲಿ, ಅಮೆರಿಕದ ಪೌರತ್ವ ಇರಬೇಕೆಂದಾಗಲಿ ಇಲ್ಲ. ಕಾಗದಪತ್ರವಿಲ್ಲದ ವಲಸಿಗನೂ, ಹೈಸ್ಕೂಲು ಓದುವ ಹುಡುಗಿಯೂ ತಾವು ನಡೆದಾಡುವ ಪಾದಚಾರಿ ಮಾರ್ಗದ ಬಗ್ಗೆ ಮತ ಹಾಕಬಹುದೆಂಬ ಈ ನಿಯಮ ಇಡೀ ಯೋಜನೆಯಲ್ಲಿ ಅತ್ಯಂತ ಧೈರ್ಯದ ಭಾಗವೆಂದು ನನ್ನ ಅಭಿಪ್ರಾಯ. ಸಾಮಾನ್ಯ ಚುನಾವಣೆಯಲ್ಲಿ ಮೂರ್‌ಗೆ ಒಂದು ಮತವನ್ನೂ ಕೊಡಲಾಗದ ಜನರಿಗೆ ಅವರ ಅನುದಾನದ ಮೇಲೆ ಹಕ್ಕು ಸಿಕ್ಕಿತು.

ಚಳಿಗಾಲದ ಹೊತ್ತಿಗೆ ವಾರ್ಡಿನ ಬೇರೆಬೇರೆ ಮೂಲೆಗಳಲ್ಲಿ ಸಭೆಗಳು ನಡೆದವು; ಸ್ಪ್ಯಾನಿಷ್ ಭಾಷೆಯಲ್ಲೇ ನಡೆದ ಸಭೆಯೂ ಅವುಗಳಲ್ಲಿತ್ತು. ಬಂದವರು ತಮಗೆ ಬೇಕಾದುದನ್ನು ಹೇಳಿದರು, ಅವರಲ್ಲೇ ಕೆಲವರು ಸ್ವಯಂಸೇವಕರಾಗಿ ಉದ್ಯಾನ ಮತ್ತು ಪರಿಸರ, ಸಾರ್ವಜನಿಕ ಸುರಕ್ಷೆ, ರಸ್ತೆ, ಸಾರಿಗೆ, ಕಲೆ ಮೊದಲಾದ ವಿಷಯವಾರು ಸಮಿತಿಗಳಿಗೆ ಸೇರಿದರು. ಸಭೆಯಲ್ಲಿ ಎದ್ದು ನಿಂತು ಬೇಡಿಕೆ ಮಂಡಿಸುವುದು ಯಾರಿಗೂ ಹೊಸದಲ್ಲ. ಆಮೇಲಿನ ತಿಂಗಳುಗಳಲ್ಲಿ ಈ ಸಮಿತಿಗಳು ಮಾಡಿದ ಕೆಲಸ ಮಾತ್ರ ಹೊಸದು: ಬೇಡಿಕೆಗಳ ರಾಶಿಯಿಂದ ಸಾಲಪತ್ರದ ಹಣದಲ್ಲಿ ಆಗದಿರುವುದನ್ನು ಬದಿಗಿಡುವುದು, ಆಗುವುದಕ್ಕೆ ಜಾಗ ಗುರುತಿಸುವುದು, ಜಾಗ ಯಾವ ಇಲಾಖೆಗೆ ಸೇರಿದ್ದೆಂದು ಪತ್ತೆ ಹಚ್ಚುವುದು, ಅಧಿಕಾರಿಗಳಿಂದ ಅಂದಾಜು ವೆಚ್ಚ ತರಿಸುವುದು.

ಇದರಲ್ಲಿ ಮೂರನೆಯದು ಅಷ್ಟು ಸುಲಭವಲ್ಲ. ಷಿಕಾಗೊದಲ್ಲಿ ಉದ್ಯಾನಗಳು ಮತ್ತು ಸರೋವರದ ದಂಡೆ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಪ್ರತ್ಯೇಕ ಸಂಸ್ಥೆಯವು. ನಗರ ರೈಲಿನ ನಿಲ್ದಾಣಗಳು ಸಾರಿಗೆ ಪ್ರಾಧಿಕಾರದವು. ರಸ್ತೆ ನಗರದ ಸಾರಿಗೆ ಇಲಾಖೆಯದು. ನಿವಾಸಿಯ ಕಣ್ಣಿಗೆ ಇವೆಲ್ಲ ಒಂದೇ ಸರ್ಕಾರ. ದಂಡೆಯಲ್ಲಿ ಸ್ನಾನದ ಷವರ್ ಹಾಕಿಸಬೇಕಾದರೆ ಒಬ್ಬರ ಒಪ್ಪಿಗೆ, ರೈಲು ನಿಲ್ದಾಣದಲ್ಲಿ ಬೆಂಚು ಇಡಿಸಬೇಕಾದರೆ ಇನ್ನೊಬ್ಬರ ಒಪ್ಪಿಗೆ ಬೇಕೆಂಬುದು ಸಮಿತಿಯಲ್ಲಿ ಕೂತವರಿಗೆ ಅನುಭವದಿಂದ ತಿಳಿಯಿತು. ಜಲಮಂಡಳಿ ಅಗೆದ ರಸ್ತೆಯನ್ನು ಯಾರು ಮುಚ್ಚಬೇಕೆಂದು ಪಾಲಿಕೆ ಕಚೇರಿಯಲ್ಲಿ ವಾದ ಕೇಳಿದ ಬೆಂಗಳೂರಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

2010ರ ಏಪ್ರಿಲ್‌ನಲ್ಲಿ ಮತದಾನ ನಡೆಯಿತು. ಕೊನೆಯ ದಿನದ ಸಭೆಗೆ ಮುಂಚೆ ಅಲ್ಡರ್‌ಮನ್ ಕಚೇರಿಯಲ್ಲೂ ಮತ ಹಾಕುವ ಅವಕಾಶವಿತ್ತು. ಮತಪತ್ರದಲ್ಲಿ 36 ಕಾಮಗಾರಿಗಳಿದ್ದವು. ಒಬ್ಬೊಬ್ಬರು ಎಂಟರವರೆಗೆ ಆರಿಸಬಹುದಿತ್ತು. ಒಟ್ಟು 1,652 ಮಂದಿ ಮತ ಹಾಕಿದರು. ಹಣ ಮುಗಿಯುವವರೆಗೆ ಮೇಲಿನಿಂದ ಕೆಳಕ್ಕೆ ಇಳಿದಾಗ 14 ಕಾಮಗಾರಿಗಳಿಗೆ ಒಪ್ಪಿಗೆ ಸಿಕ್ಕಿತು. ಎಲ್ಲಕ್ಕಿಂತ ಮೇಲೆ ಬಂದದ್ದು ಪಾದಚಾರಿ ಮಾರ್ಗಗಳ ದುರಸ್ತಿ. ಬೀದಿದೀಪ, ಸೈಕಲ್ ಪಥ, ಸಮುದಾಯ ತೋಟ, ನಾಯಿಗಳನ್ನು ಬಿಡಿಸಿ ಆಡಿಸುವ ಬಯಲು, ರೈಲು ಮಾರ್ಗದ ಕೆಳಸೇತುವೆಗಳ ಗೋಡೆಗಳಿಗೆ ಚಿತ್ರ, ದಂಡೆಯ ಷವರ್ ಇವು ಜೊತೆಗೆ ಗೆದ್ದವು.

ಈ ಪಟ್ಟಿಯನ್ನು ಕೊಂಚ ನಿಧಾನವಾಗಿ ಓದಬೇಕು. ಜನರಿಗೆ ಅಧಿಕಾರ ಕೊಟ್ಟರೆ ಶೋಕಿಯ ಕೆಲಸಗಳಿಗೆ ಹಣ ಹಾಳು ಮಾಡುತ್ತಾರೆ ಎಂಬ ಶಂಕೆಗೆ ಮೊದಲ ಸಾಲೇ ಉತ್ತರ ಕೊಡುತ್ತದೆ: ಅತಿ ಹೆಚ್ಚು ಮತ ಬಿದ್ದದ್ದು ಒಡೆದ ಕಾಂಕ್ರೀಟು ಚಪ್ಪಡಿಗಳಿಗೆ. ಆದರೆ ಜನ ಕೇಳುವುದು ರಸ್ತೆ, ಚರಂಡಿ, ದೀಪ ಇಷ್ಟೇ ಎಂಬ ಅಲ್ಡರ್‌ಮನ್‌ಗಳ ನಂಬಿಕೆಯನ್ನು ಉಳಿದ ಸಾಲುಗಳು ಅಲ್ಲಗಳೆಯುತ್ತವೆ. ಮೆನು ಹಣದಿಂದ ತೋಟ ಮಾಡಬಹುದು, ಗೋಡೆಗೆ ಚಿತ್ರ ಬರೆಸಬಹುದು ಎಂಬುದು ಇಲಾಖೆಯ ದರಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯ ಹೊರಗಿನದನ್ನು ಕೇಳಬಹುದೆಂದು ಕಂಡುಕೊಂಡವರು ನಿವಾಸಿಗಳು.

ಕಾನೂನಿನ ದೃಷ್ಟಿಯಲ್ಲಿ ಈ ಮತದಾನದ ಫಲಿತಾಂಶಕ್ಕೆ ಅಲ್ಡರ್‌ಮನ್ ಬದ್ಧರಾಗಬೇಕೆಂದೇನೂ ಇರಲಿಲ್ಲ. ಕಾಮಗಾರಿ ಪಟ್ಟಿಯನ್ನು ಇಲಾಖೆಗೆ ಕಳಿಸುವ ಅಧಿಕಾರ ಅಲ್ಡರ್‌ಮನ್‌ದೇ ಆಗಿತ್ತು. ಫಲಿತಾಂಶ ಏನೇ ಬಂದರೂ ಹಾಗೆಯೇ ಕಳಿಸುತ್ತೇನೆಂದು ಮೂರ್ ಮೊದಲೇ ಮಾತು ಕೊಟ್ಟಿದ್ದರು, ಆ ಮಾತಿನಂತೆ ನಡೆದುಕೊಂಡರು. 2011ರ ಚುನಾವಣೆಯಲ್ಲಿ ಅವರಿಗೆ ಶೇ 72ರಷ್ಟು ಮತ ಬಂತು. ನಾಲ್ಕು ವರ್ಷದ ಹಿಂದೆ ಕೂದಲೆಳೆಯಲ್ಲಿ ಪಾರಾಗಿದ್ದ ವ್ಯಕ್ತಿ ಮೊದಲ ಸುತ್ತಿನಲ್ಲೇ ಗೆದ್ದಾಗ ಬೇರೆ ನಗರಗಳ ಪ್ರತಿನಿಧಿಗಳು ಕಿವಿ ನಿಮಿರಿಸಿದ್ದು ಸಹಜ. ಅದೇ ವರ್ಷ ನ್ಯೂಯಾರ್ಕ್‌ನ ನಾಲ್ವರು ನಗರಸಭಾ ಸದಸ್ಯರು ತಮ್ಮ ಕ್ಷೇತ್ರಗಳಲ್ಲಿ ಇದನ್ನು ಆರಂಭಿಸಿದರು. ಅವರಲ್ಲಿ ಮೂವರು ಡೆಮಾಕ್ರಟ್, ಒಬ್ಬರು ರಿಪಬ್ಲಿಕನ್. 2012ರಲ್ಲಿ ಕ್ಯಾಲಿಫೋರ್ನಿಯಾದ ವಲ್ಲೇಹೊ ಇದನ್ನು ಇಡೀ ನಗರಕ್ಕೆ ಅನ್ವಯಿಸಿತು. ಷಿಕಾಗೊದ ಇತರ ಕೆಲವು ವಾರ್ಡುಗಳೂ ಕೈಜೋಡಿಸಿದವು, ಆದರೆ 50ರಲ್ಲಿ ಬೆರಳೆಣಿಕೆಯಷ್ಟು. ತಮ್ಮ ಕೈಯಲ್ಲಿರುವ ಪಟ್ಟಿಯನ್ನು ಬಿಟ್ಟುಕೊಡಲು ಹೆಚ್ಚಿನವರಿಗೆ ಮನಸ್ಸು ಬರಲಿಲ್ಲವೆಂದೇ ಇದನ್ನು ಅರ್ಥ ಮಾಡಿಕೊಳ್ಳಬೇಕು.

ಕೊರತೆಗಳು

ಸುಮಾರು 60 ಸಾವಿರ ಜನಸಂಖ್ಯೆಯ ವಾರ್ಡಿನಲ್ಲಿ 1,652 ಮತ ಎಂದರೆ ಶೇ 3ರಷ್ಟೂ ಅಲ್ಲ. ಒಬ್ಬ ಅಲ್ಡರ್‌ಮನ್ ತನ್ನ ಕೋಣೆಯಲ್ಲಿ ಕೂತು ಮಾಡುವ ತೀರ್ಮಾನಕ್ಕೆ ಹೋಲಿಸಿದರೆ ಇದು ದೊಡ್ಡ ಸಂಖ್ಯೆ. ಜನಾಭಿಪ್ರಾಯವೆಂದು ಕರೆಯಲು ಹೊರಟರೆ ಸಣ್ಣದು. ಸಂಖ್ಯೆಗಿಂತ ಹೆಚ್ಚು ಯೋಚಿಸಬೇಕಾದದ್ದು ಬಂದವರು ಯಾರು ಎಂಬುದನ್ನು. ಸ್ವಂತ ಮನೆಯಿರುವ, ಓದಿಕೊಂಡ, ಬಿಳಿಯ ನಿವಾಸಿಗಳು ವಾರ್ಡಿನಲ್ಲಿ ಅವರಿಗಿರುವ ಪಾಲಿಗಿಂತ ಹೆಚ್ಚು ಪ್ರಮಾಣದಲ್ಲಿ ಸಮಿತಿಗಳಲ್ಲಿ ಕಾಣಿಸಿಕೊಂಡರು. ಲ್ಯಾಟಿನೋ ನಿವಾಸಿಗಳು ಕಡಿಮೆ. ಇದನ್ನು ಸರಿಪಡಿಸಲು ಸ್ಪ್ಯಾನಿಷ್ ಭಾಷೆಯ ಪ್ರತ್ಯೇಕ ಸಮಿತಿ ನಡೆಸಲಾಯಿತು, ಅದರಿಂದ ಸ್ವಲ್ಪ ಅನುಕೂಲವೂ ಆಯಿತು. ಆದರೆ ಭಾಷೆ ಒಂದೇ ತೊಡಕಾಗಿರಲಿಲ್ಲ. ಎರಡು ಪಾಳಿ ದುಡಿದು ಬರುವ ಬಾಡಿಗೆದಾರನ ತಲೆಯಲ್ಲಿರುವುದು ಮುಂದಿನ ತಿಂಗಳ ಬಾಡಿಗೆ, ಕೆಲಸ, ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ. ಸಾಲಪತ್ರದ ಹಣದ ನಿಯಮ ಇವುಗಳಲ್ಲಿ ಒಂದನ್ನೂ ಮುಟ್ಟಲು ಬಿಡುವುದಿಲ್ಲ. ಸೈಕಲ್ ಪಥ ಎಲ್ಲಿ ಹಾಕಬೇಕೆಂದು ಹಲವು ಸಂಜೆ ಚರ್ಚಿಸಲು ಆತ ಬರಲಿಲ್ಲವೆಂದರೆ ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುವುದು ತಪ್ಪಾಗುತ್ತದೆ.

ಇನ್ನೊಂದು ಕೊರತೆ ಹೆಚ್ಚು ತಾಂತ್ರಿಕವಾದದ್ದು. ಡಾಂಬರು ಕಾಣದ ರಸ್ತೆ ಪ್ರತಿ ಚಳಿಗಾಲದ ಹಿಮ ಕರಗಿದ ಮೇಲೆ ಇನ್ನಷ್ಟು ಕೆಡುತ್ತದೆ, ಆದರೆ ಒಂದು ಗಲ್ಲಿಯ ರಸ್ತೆಗೆ ಆ ಗಲ್ಲಿಯವರು ಮಾತ್ರ ಮತ ಹಾಕುತ್ತಾರೆ; ದಂಡೆಯ ಷವರ್‌ಗೆ ವಾರ್ಡಿನ ಎಲ್ಲರೂ ಹಾಕಬಹುದು. ಹಾಗಾಗಿ ಬಿಡಿಬಿಡಿಯಾದ ರಸ್ತೆಗಳು ಮತಪತ್ರದಲ್ಲಿ ಸೋಲುವುದು ಖಚಿತ. ನಂತರದ ಸುತ್ತುಗಳಲ್ಲಿ ಇದಕ್ಕೊಂದು ಉಪಾಯ ಹುಡುಕಿದರು: ಒಟ್ಟು ಹಣದಲ್ಲಿ ಶೇಕಡಾ ಎಷ್ಟು ರಸ್ತೆ ಡಾಂಬರೀಕರಣಕ್ಕೆ ಹೋಗಬೇಕೆಂದು ಮತಪತ್ರದಲ್ಲೇ ಪ್ರತ್ಯೇಕವಾಗಿ ಕೇಳಲಾಯಿತು, ಯಾವ ರಸ್ತೆ ಎಂಬುದನ್ನು ಅವುಗಳ ಸ್ಥಿತಿ ನೋಡಿ ನಿರ್ಧರಿಸಲು ಬಿಡಲಾಯಿತು. ಎಲ್ಲವನ್ನೂ ಮತಕ್ಕೆ ಹಾಕುವುದಕ್ಕಿಂತ, ಯಾವುದನ್ನು ಮತಕ್ಕೆ ಹಾಕಬೇಕು ಎಂದು ಬಿಡಿಸಿ ನೋಡಿದ ಈ ತಿದ್ದುಪಡಿ ಮೊದಲ ಸುತ್ತಿನ ಸಂಭ್ರಮಕ್ಕಿಂತ ಬೆಲೆಯುಳ್ಳದ್ದು.

ನಗರಾಡಳಿತದ ಮೇಲೆ ನಿಗಾ ಇಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2017ರಲ್ಲಿ ಇಡೀ ಮೆನು ಪದ್ಧತಿಯನ್ನೇ ಲೆಕ್ಕಪರಿಶೋಧನೆಗೆ ಒಳಪಡಿಸಿತು. ರಸ್ತೆಗಳು ಹೆಚ್ಚು ಹಾಳಾಗಿರುವ ವಾರ್ಡಿಗೂ, ಚೆನ್ನಾಗಿರುವ ವಾರ್ಡಿಗೂ ಒಂದೇ ಮೊತ್ತ ಕೊಡುವುದು ನ್ಯಾಯವಲ್ಲ, ಕೊಡುತ್ತಿರುವ ಹಣ ಅಗತ್ಯಕ್ಕೆ ಸಾಲದು, ಯೋಜನೆಯ ಹೊಣೆಯನ್ನು ಇಲಾಖೆಯೇ ಹೊರಬೇಕು ಎಂಬುದು ಅದರ ತಾತ್ಪರ್ಯ. ವಾರ್ಡಿನೊಳಗೆ ಎಷ್ಟೇ ಪ್ರಾಮಾಣಿಕವಾಗಿ ಮತದಾನ ನಡೆಸಿದರೂ, ವಾರ್ಡು ವಾರ್ಡಿನ ನಡುವಿನ ಈ ಅಸಮಾನತೆ ಅದರ ವ್ಯಾಪ್ತಿಗೆ ಬರುವುದಿಲ್ಲ.

2019: ಹ್ಯಾಡನ್ ಗೆಲುವು

ಮಾರಿಯಾ ಹ್ಯಾಡನ್ ಮೊದಲ ಸುತ್ತಿನಲ್ಲೇ ಸ್ವಯಂಸೇವಕಿಯಾಗಿ ಈ ಪ್ರಕ್ರಿಯೆಗೆ ಬಂದವರು. ಮುಂದೆ ಅವರು ಪಾರ್ಟಿಸಿಪೇಟರಿ ಬಜೆಟಿಂಗ್ ಪ್ರಾಜೆಕ್ಟ್‌ನಲ್ಲೇ ಕೆಲಸಕ್ಕೆ ಸೇರಿ, ಬೇರೆ ನಗರಗಳಲ್ಲಿ ಇದನ್ನು ಕಟ್ಟುವ ಕೆಲಸ ಮಾಡಿದರು. ಯಾವ ಇಲಾಖೆಗೆ ಯಾವ ಅರ್ಜಿ, ಅಂದಾಜು ವೆಚ್ಚ ಹೇಗೆ ತಯಾರಾಗುತ್ತದೆ, ಅಲ್ಡರ್‌ಮನ್ ಕಚೇರಿಯಲ್ಲಿ ಏನು ನಡೆಯುತ್ತದೆ ಎಂಬುದೆಲ್ಲ ಅವರಿಗೆ ಹೊರಗಿನಿಂದಲೇ ಕರಗತವಾಗಿತ್ತು. 2019ರ ಫೆಬ್ರುವರಿಯಲ್ಲಿ ಅವರು ಶೇ 60ಕ್ಕೂ ಹೆಚ್ಚು ಮತ ಪಡೆದು, 28 ವರ್ಷ ಅಧಿಕಾರದಲ್ಲಿದ್ದ ಮೂರ್ ಅವರನ್ನು ಸೋಲಿಸಿದರು.

ಸೋಲಿಗೆ ಕಾರಣ ಅನುದಾನದ ವಿಚಾರವಲ್ಲ; ಆ ವಿಷಯದಲ್ಲಿ ಇಬ್ಬರದೂ ಒಂದೇ ನಿಲುವು. ಆ ಹೊತ್ತಿಗೆ ಮೂರ್ ಮೇಯರ್ ರಾಮ್ ಇಮ್ಯಾನ್ಯುಯೆಲ್ ಅವರಿಗೆ ಹತ್ತಿರದವರಾಗಿದ್ದರು, ಹಳೆಯ ಬಂಡಾಯಗಾರನೆಂಬ ಹೆಸರು ಮಾಸಿತ್ತು. ಷೆರಿಡನ್ ರಸ್ತೆಯಲ್ಲಿ ಟಾರ್ಗೆಟ್ ಮಳಿಗೆಯನ್ನು ಒಳಗೊಂಡ ಬಹುಮಹಡಿ ಕಟ್ಟಡಕ್ಕೆ ಅವರು ಕೊಟ್ಟ ಬೆಂಬಲ ವಾರ್ಡಿನಲ್ಲಿ ಕಹಿ ವಿವಾದವಾಯಿತು. ಷಿಕಾಗೊದಲ್ಲಿ ಒಂದು ನಿವೇಶನದ ಭೂಬಳಕೆ ಬದಲಾಯಿಸಬೇಕೋ ಬೇಡವೋ ಎಂಬುದರಲ್ಲಿ ಆ ವಾರ್ಡಿನ ಅಲ್ಡರ್‌ಮನ್ ಹೇಳಿದ್ದೇ ಬಹುತೇಕ ಅಂತಿಮ. ಲಿಖಿತ ಕಾನೂನಿಗಿಂತ ಗಟ್ಟಿಯಾದ ಸಂಪ್ರದಾಯವದು. ಕೆಳಸೇತುವೆಯ ಗೋಡೆಗೆ ಯಾವ ಚಿತ್ರ ಬರಬೇಕೆಂದು ಮತ ಹಾಕಿ ಅಭ್ಯಾಸವಾದ ಜನ, ಬಡಾವಣೆಯ ಬಾಡಿಗೆಯನ್ನೂ ಚಹರೆಯನ್ನೂ ಬದಲಿಸಬಲ್ಲ ಕಟ್ಟಡದ ಬಗ್ಗೆ ತಮ್ಮನ್ನು ಯಾರೂ ಹಾಗೆ ಕೇಳಲಿಲ್ಲವಲ್ಲ ಎಂದು ಸಿಟ್ಟಾದದ್ದರಲ್ಲಿ ವಿಚಿತ್ರವೇನಿಲ್ಲ. ಭೂಬಳಕೆಯ ತೀರ್ಮಾನಗಳನ್ನೂ ಸಮುದಾಯದ ಮುಂದಿಡಬೇಕೆಂಬುದು ಹ್ಯಾಡನ್ ಪ್ರಚಾರದ ಮುಖ್ಯ ಮಾತಾಗಿತ್ತು.

ಮೂರ್ ಅವರನ್ನು ಈ ಕಾರಣಕ್ಕೆ ಕಪಟಿಯೆಂದು ಕರೆಯುವುದು ಅನ್ಯಾಯ. 13 ಲಕ್ಷ ಡಾಲರಿನ ಮಟ್ಟಿಗೆ ಅವರು ಹೇಳಿದ್ದನ್ನು ಮಾಡಿದರು, ಅದನ್ನೂ ಅಮೆರಿಕದಲ್ಲಿ ಅವರಿಗಿಂತ ಮೊದಲು ಯಾರೂ ಮಾಡಿರಲಿಲ್ಲ. ಅವರು ತೆರೆದದ್ದು ಹಣದ ಬಾಗಿಲು, ಮುಚ್ಚಿಟ್ಟದ್ದು ಜಮೀನಿನ ಬಾಗಿಲು. ನಗರಗಳಲ್ಲಿ ಎರಡನೆಯದರ ಬೆಲೆಯೇ ಹೆಚ್ಚು.

ಬೆಂಗಳೂರಿನ ಸಂದರ್ಭ

ನಮ್ಮಲ್ಲಿ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳಿಗೆ ಅವಕಾಶ ಕಲ್ಪಿಸಿದೆ, ಕರ್ನಾಟಕ ಪೌರನಿಗಮಗಳ ಕಾಯ್ದೆಗೆ ಆದ ತಿದ್ದುಪಡಿಯಿಂದ ಪಾಲಿಕೆಯ ಪ್ರತಿ ವಾರ್ಡಿಗೂ ಸಮಿತಿ ಬಂದಿದೆ, ಜನಾಗ್ರಹ ಸಂಸ್ಥೆ 2015ರಿಂದ ನಡೆಸಿದ ‘ನನ್ನ ನಗರ ನನ್ನ ಬಜೆಟ್’ ಅಭಿಯಾನದಲ್ಲಿ ನಾಗರಿಕರು ತಮ್ಮ ವಾರ್ಡಿನ ಬೇಡಿಕೆಗಳನ್ನು ಬರೆದು ಕೊಟ್ಟಿದ್ದಾರೆ. ಹೀಗೆ ಕಾಗದದ ಮೇಲೆ ನೋಡಿದರೆ ನಾವು ಷಿಕಾಗೊಗಿಂತ ಮುಂದಿದ್ದೇವೆ. ಅಲ್ಲಿ ಇದೆಲ್ಲ ಒಬ್ಬ ವ್ಯಕ್ತಿಯ ಇಚ್ಛೆಯಿಂದ ನಡೆದದ್ದು, ಇಲ್ಲಿ ಕಾನೂನಿದೆ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ ಮುಗಿದ ನಂತರ ಪಾಲಿಕೆಯನ್ನು ವರ್ಷಗಟ್ಟಲೆ ನಡೆಸಿದವರು ಆಡಳಿತಾಧಿಕಾರಿಗಳು. ಪಾಲಿಕೆ 2025ರಲ್ಲಿ ಐದಾಗಿ ಒಡೆಯಿತು. 2007ರಲ್ಲಿ ಮೂರ್ ಅವರನ್ನು ಬೆಚ್ಚಿಬೀಳಿಸಿದ್ದು 250 ಮತಗಳ ಅಂತರ. ಆಡಳಿತಾಧಿಕಾರಿಗೆ ಅಂಥ ಭಯವಿಲ್ಲ.

ಇನ್ನೊಂದು ವ್ಯತ್ಯಾಸ ಹಣದ ಸ್ವರೂಪದ್ದು. ಮೂರ್ ಬಿಟ್ಟುಕೊಡಲು ಸಾಧ್ಯವಾದದ್ದು ಮೊತ್ತ ಮೊದಲೇ ಗೊತ್ತಿದ್ದದ್ದರಿಂದ, ಪ್ರತಿ ವರ್ಷ ಬರುತ್ತಿದ್ದದ್ದರಿಂದ, ಒಂದು ಬೀದಿದೀಪಕ್ಕೆ ಎಷ್ಟೆಂದು ಕಾಗದದಲ್ಲಿ ಬರೆದಿದ್ದರಿಂದ. ವಾರ್ಡಿಗೆ ಈ ವರ್ಷ ಎಷ್ಟು ಬರುತ್ತದೆ ಎಂಬುದು ಮಂತ್ರಿ ಮತ್ತು ಶಾಸಕರ ಮರ್ಜಿಯ ಮೇಲೆ ನಿಂತಿರುವಲ್ಲಿ, ಮುಗಿದ ಕಾಮಗಾರಿಯ ಬಿಲ್ಲು ಯಾವಾಗ ಪಾವತಿಯಾದೀತೆಂದು ಗುತ್ತಿಗೆದಾರನಿಗೇ ತಿಳಿಯದಿರುವಲ್ಲಿ, 36 ಕಾಮಗಾರಿಗಳ ಮತಪತ್ರ ಅಚ್ಚು ಹಾಕಿಸಿ ಪ್ರಯೋಜನವಿಲ್ಲ. ವಾರ್ಡ್ ಸಮಿತಿಯ ಸಭೆಗೆ ಹೋಗುವವರು ಮೊದಲು ಕೇಳಬೇಕಾದದ್ದು ಯಾವ ಕಾಮಗಾರಿ ಬೇಕೆಂಬುದನ್ನಲ್ಲ, ಈ ವಾರ್ಡಿನ ಕ್ರಿಯಾ ಯೋಜನೆಯಲ್ಲಿ ಒಟ್ಟು ಎಷ್ಟು ಹಣವಿದೆ, ಅದರಲ್ಲಿ ಹಳೆಯ ಬಿಲ್ಲುಗಳಿಗೆ ಎಷ್ಟು ಹೋಗುತ್ತದೆ ಎಂಬುದನ್ನು.

49ನೇ ವಾರ್ಡಿನಲ್ಲಿ ಹ್ಯಾಡನ್ ಅಧಿಕಾರಕ್ಕೆ ಬಂದ ಮೇಲೂ ಮತದಾನದ ಪದ್ಧತಿ ಮುಂದುವರಿಯಿತು. ಮೆನು ಹಣವನ್ನು ನಂತರದ ವರ್ಷಗಳಲ್ಲಿ ವಾರ್ಡಿಗೆ 15 ಲಕ್ಷ ಡಾಲರಿಗೆ ಏರಿಸಲಾಗಿದೆ. 2023ರಲ್ಲಿ ಹ್ಯಾಡನ್ ಮತ್ತೆ ಗೆದ್ದರು.